ಹೋಂಡಾ ಸಿಟಿ 1.5 ವಿಟೆಕ್ (2001): ಬಿಸಿಲಲ್ಲಿ ಸ್ಟಾರ್ಟ್ ಆಗುವುದಿಲ್ಲ, 5000 ಆರ್‌ಪಿಎಂ ಮೇಲೆ ಎಳೆತ ಇಲ್ಲ. ಎಲ್ಲಿಂದ ಶುರು ಮಾಡುವುದು?

ಶಿರಿಯಾಹೊಳೆ

ನಮಸ್ಕಾರ. ಗಾಡಿ ಹೋಂಡಾ ಸಿಟಿ 1.5 ವಿಟೆಕ್, 2001ರದ್ದು, ಕೆಎಲ್-14 ನೋಂದಣಿ, ಮೀಟರಿನಲ್ಲಿ 1,38,000 ಕಿ.ಮೀ. ಕುಂಬಳೆಯಲ್ಲಿ ಕಡಲಿಗೆ ಹತ್ತಿರ ನಿಲ್ಲುವ ಗಾಡಿ. ಎಂಜಿನ್ ಕಂಪನಿಯದ್ದೇ, ಬದಲಾಗಿಲ್ಲ. ತೊಂದರೆಗಳು ಹೀಗೆ:

ಒಂದು, ಮಧ್ಯಾಹ್ನ ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ ಬಂದರೆ ಸೆಲ್ಫ್ ಚೆನ್ನಾಗಿ ತಿರುಗ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಬಾಗಿಲು ತೆರೆದಿಟ್ಟು 15–20 ನಿಮಿಷ ಕಾದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗ್ತದೆ. ಬೆಳಿಗ್ಗೆ ಯಾವತ್ತೂ ತೊಂದರೆ ಇಲ್ಲ.

ಎರಡು, 5000 ಆರ್‌ಪಿಎಂ ದಾಟಿದ ಮೇಲೆ ವಿಟೆಕ್‌ನಿಂದ ಬರಬೇಕಾದ ಎಳೆತ ಬರುವುದಿಲ್ಲ. ಕೆಳಗೆ ಸರಿ ಉಂಟು.

ಮೂರು, ಗೇರ್‌ಬಾಕ್ಸ್ ಬದಿಯಲ್ಲಿ ಹೆಡ್ಡಿನ ಕೊನೆಗೆ, ಡೆಲ್ಕೋ (ಡಿಸ್ಟ್ರಿಬ್ಯೂಟರ್, ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ) ಕೆಳಗೆ ಆಯಿಲ್ ಒಸರುತ್ತದೆ.

ನಾಲ್ಕು, ಟೈಮಿಂಗ್ ಬೆಲ್ಟ್ ಯಾವಾಗ ಬದಲಾಗಿದೆ ಅಂತ ದಾಖಲೆ ಇಲ್ಲ.

ಮುಂದೆ ಕೋಲ್ಡ್ ಏರ್ ಇಂಟೇಕ್, ಫ್ರೀ ಫ್ಲೋ ಸೈಲೆನ್ಸರ್, 15 ಇಂಚಿನ ಅಲಾಯ್ ಹಾಕುವ ಆಲೋಚನೆ. ಟಾರ್ಕ್ ರೆಂಚ್, ಮಲ್ಟಿಮೀಟರ್, ಫೀಲರ್ ಗೇಜ್, ಎರಡು ಆಕ್ಸಲ್ ಸ್ಟ್ಯಾಂಡ್ ಉಂಟು. ಯಾವುದು ಮೊದಲು, ಯಾವುದು ನಂತರ? ಗೊತ್ತಿರುವವರು ಹೇಳಿಕೊಡಿ.

ಡೆಲ್ಕೋ_ಪೆರ್ಲ

ಮೊದಲನೆಯ ತೊಂದರೆಯನ್ನು ನೀವು ಬರೆದ ರೀತಿಯಲ್ಲೇ ಅರ್ಧ ಉತ್ತರ ಉಂಟು. ಬಾಗಿಲು ತೆರೆದಿಟ್ಟರೆ ಸರಿಯಾಗ್ತದೆ ಅಂದರೆ ಬಿಸಿಯಾಗಿ ಕೈಕೊಡುವ ವಸ್ತು ಬಾನೆಟ್ ಕೆಳಗಿಂತ ಕ್ಯಾಬಿನ್ ಒಳಗೆ ಇರುವ ಸಾಧ್ಯತೆ ಹೆಚ್ಚು. ಆ ಕಾಲದ ಹೋಂಡಾಗಳಲ್ಲಿ ಅದು ಮೇನ್ ರಿಲೇ. ಡ್ಯಾಶ್ ಒಳಗೆ ಒಂದೇ ಬೋಲ್ಟಿನಲ್ಲಿ ಕೂತಿರುವ ಏಳು ಪಿನ್ನಿನ ಚೌಕದ ಡಬ್ಬಿ. ಅದರ ಒಳಗೆ ಎರಡು ರಿಲೇ ಉಂಟು: ಒಂದು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಕರೆಂಟ್ ಕೊಡ್ತದೆ, ಇನ್ನೊಂದು ಪೆಟ್ರೋಲ್ ಪಂಪಿಗೆ. ಪಂಪಿನ ಕರೆಂಟು ಇಡೀ ದಿನ ಆ ಬೋರ್ಡಿನ ಬೆಸುಗೆಯ ಮೂಲಕ ಹೋಗ್ತದೆ. ಇಪ್ಪತ್ತು ವರ್ಷ ಬಿಸಿಯಾಗಿ ತಣಿದು, ಬಿಸಿಯಾಗಿ ತಣಿದು ಪಿನ್ನಿನ ಸುತ್ತ ಬೆಸುಗೆ ಉಂಗುರದ ಆಕಾರದಲ್ಲಿ ಬಿರುಕು ಬಿಡ್ತದೆ. ತಣ್ಣಗಿದ್ದಾಗ ತಾಗಿಕೊಂಡಿರ್ತದೆ, ಕಾದಾಗ ಹಿಗ್ಗಿ ಬಿಟ್ಟುಹೋಗ್ತದೆ.

ಆದರೆ ಬಿಚ್ಚುವ ಮೊದಲು ಖಚಿತ ಮಾಡಿಕೊಳ್ಳಿ. ಬಿಸಿಯಲ್ಲಿ ಕೈಕೊಡುವ ಇನ್ನೊಂದು ವಸ್ತು ಡೆಲ್ಕೋ ಒಳಗಿನ ಇಗ್ನೈಟರ್, ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಬರಿಸುವ ಭಾಗ. ಎರಡಕ್ಕೂ ಲಕ್ಷಣ ಹೊರಗಿನಿಂದ ಒಂದೇ ಥರ. ಬೇರ್ಪಡಿಸುವುದು ಹೀಗೆ:

ಗಾಡಿ ಕೈಕೊಟ್ಟ ಹೊತ್ತಿನಲ್ಲೇ ಕೀಲಿಯನ್ನು ಆನ್ ಸ್ಥಾನಕ್ಕೆ ತನ್ನಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿನ ಕಡೆಯಿಂದ ಪಂಪ್ ಎರಡು ಸೆಕೆಂಡು ಗುಂಯ್ ಅನ್ನಬೇಕು. ಚೆಕ್ ಎಂಜಿನ್ ಲೈಟ್ ಉರಿದು ಎರಡು ಸೆಕೆಂಡಿನಲ್ಲಿ ಆರಬೇಕು. ಲೈಟೇ ಉರಿಯದಿದ್ದರೆ ಇಸಿಯುಗೆ ಕರೆಂಟ್ ಹೋಗ್ತಾ ಇಲ್ಲ. ಲೈಟ್ ಉರಿದು ಆರಿತು, ಪಂಪಿನ ಸದ್ದು ಮಾತ್ರ ಇಲ್ಲ ಅಂದರೆ ರಿಲೇಯ ಪಂಪ್ ಭಾಗವೇ ಸಂಶಯ. ಲೈಟೂ ಸರಿ, ಪಂಪೂ ಸರಿ ಅಂದರೆ ಸ್ಪಾರ್ಕ್ ನೋಡಿ. ಒಂದು ಪ್ಲಗ್ ವೈರಿಗೆ ಹಳೆಯ ಪ್ಲಗ್ ಸಿಕ್ಕಿಸಿ, ಅದರ ಲೋಹದ ಭಾಗವನ್ನು ಜಂಪರ್ ಕೇಬಲಿನಿಂದ ಎಂಜಿನ್ನಿಗೆ ಕಚ್ಚಿಸಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಕೈಯಲ್ಲಿ ಹಿಡಿಯಬೇಡಿ. ಹತ್ತಿರ ಪೆಟ್ರೋಲ್ ವಾಸನೆ ಇದ್ದರೆ ಈ ಪರೀಕ್ಷೆ ಮಾಡಲೇಬೇಡಿ. ಸ್ಪಾರ್ಕ್ ಇಲ್ಲದಿದ್ದರೆ ಇಗ್ನೈಟರ್ ಅಥವಾ ಕಾಯಿಲ್.

ರಿಲೇ ಎಂದಾದರೆ: ಬ್ಯಾಟರಿಯ ನೆಗೆಟಿವ್ ತೆಗೆದು, ಡಬ್ಬಿಯ ಪ್ಲಾಸ್ಟಿಕ್ ಕೊಂಡಿಗಳನ್ನು ಸಣ್ಣ ಸ್ಕ್ರೂಡ್ರೈವರಿನಲ್ಲಿ ಮೆಲ್ಲ ಎತ್ತಿ ಬೋರ್ಡ್ ಹೊರಗೆ ಎಳೆಯಿರಿ. ಭೂತಗನ್ನಡಿಯಲ್ಲಿ ದಪ್ಪ ಪಿನ್ನುಗಳ ಬುಡ ನೋಡಿ, ಕೂದಲೆಳೆಯ ಕಪ್ಪು ಉಂಗುರ ಕಾಣ್ತದೆ. ಅದರ ಮೇಲೆಯೇ ಹೊಸ ಬೆಸುಗೆ ಸುರಿದರೆ ನಾಲ್ಕು ತಿಂಗಳಲ್ಲಿ ಮತ್ತೆ ಅದೇ ಕಥೆ. ಹಳೆಯ ಸೀಸವನ್ನು ಡೀಸೋಲ್ಡರ್ ಬತ್ತಿಯಲ್ಲಿ ಪೂರ್ತಿ ಎಳೆದು, ಪಿನ್ನನ್ನು ಕೆರೆದು ಹೊಳಪು ಬರಿಸಿ, ಫ್ಲಕ್ಸ್ ಹಚ್ಚಿ, 40 ವಾಟ್ ಐರನ್ನಿನಲ್ಲಿ 60/40 ಸೀಸ ಹಾಕಿ. ಟಿವಿ ರಿಪೇರಿಗೆ ಬಳಸುವ 25 ವಾಟಿನ ಐರನ್ ಆ ದಪ್ಪ ಪಿನ್ನನ್ನು ಕಾಯಿಸುವುದಿಲ್ಲ, ಮೇಲೆ ಮಾತ್ರ ಕೂರ್ತದೆ. ಬೆಸುಗೆ ಜ್ವಾಲಾಮುಖಿಯ ಆಕಾರದಲ್ಲಿ, ಹೊಳೆಯುತ್ತಾ ಇರಬೇಕು. ಬೂದಿ ಬಣ್ಣದ ಗುಂಡು ಕಂಡರೆ ಪುನಃ ಮಾಡಿ. ಏಳು ಪಿನ್ನನ್ನೂ ಒಟ್ಟಿಗೆ ಮುಗಿಸಿ.

ಡೆಲ್ಕೋ ಹೇಗೂ ಬಿಚ್ಚಬೇಕು, ಆಯಿಲ್ ಒಸರುವುದರಿಂದ. ಹೊರಗೆ ಮಾತ್ರ ಆಯಿಲ್ ಇದ್ದರೆ ಶಾಫ್ಟಿನ ಓ-ರಿಂಗ್, ಸಣ್ಣ ಖರ್ಚಿನ ಕೆಲಸ. ಕ್ಯಾಪ್ ತೆಗೆದಾಗ ಒಳಗೆ ಆಯಿಲ್ ಕಂಡರೆ ಒಳಗಿನ ಸೀಲ್ ಹೋಗಿದೆ. ರೋಟರಿನ ಕೆಳಗೆ ಕೆಂಪು ಪುಡಿ ಕಂಡರೆ ಬೇರಿಂಗ್ ಸವೆಯುತ್ತಾ ಉಂಟು, ಅದನ್ನು ನಿರ್ಲಕ್ಷ್ಯ ಮಾಡಬೇಡಿ. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್, ಟಿಡಿಸಿ (ಪಿಸ್ಟನ್ ಅತಿ ಮೇಲೆ ಬರುವ ಸ್ಥಾನ), ಸಿಲಿಂಡರ್ ಸೆನ್ಸರ್ ಮೂರೂ ಡೆಲ್ಕೋ ಒಳಗೇ ಇರುವುದು. ಬೇರಿಂಗ್ ಅಲ್ಲಾಡಿದರೆ ಆ ಮೂರೂ ಹಾಳು. ತೆಗೆಯುವ ಮೊದಲು ಡೆಲ್ಕೋ ಮತ್ತು ಹೆಡ್ ಮೇಲೆ ಒಂದೇ ಗೆರೆಯಾಗಿ ಗುರುತು ಕೆರೆಯಿರಿ. ಕೂರಿಸುವಾಗ ತುದಿಯ ಕಿವಿಗಳು ಒಂದೇ ರೀತಿಯಲ್ಲಿ ಮಾತ್ರ ಕ್ಯಾಮಿನಲ್ಲಿ ಕೂರ್ತವೆ, ಒತ್ತಾಯ ಮಾಡಬೇಡಿ. ಪ್ಲಗ್ ವೈರುಗಳನ್ನೂ ಅಳೆಯಿರಿ, ಒಂದೊಂದೂ 25 ಕಿಲೋ ಓಮ್ ಒಳಗಿರಬೇಕು.

ಬಾಯಾರು_ಪಾನಾ

ಪೆರ್ಲದ ಅಣ್ಣ ಹೇಳಿದ್ದು ಸರಿ, ಆದರೆ ಆದ್ಯತೆಯಲ್ಲಿ ನನ್ನ ಅಭಿಪ್ರಾಯ ಬೇರೆ. ದಾಖಲೆ ಇಲ್ಲದ ಬೆಲ್ಟಿನ ಮೇಲೆ 5000 ದಾಟಿಸಿ ಎಳೆತ ಪರೀಕ್ಷೆ ಮಾಡುವುದನ್ನು ಇವತ್ತೇ ನಿಲ್ಲಿಸಿ. ಈ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗ್ತದೆ. ಆಮೇಲೆ ರಿಲೇಯೂ ಇಲ್ಲ, ವಿಟೆಕ್ಕೂ ಇಲ್ಲ, ಹೆಡ್ ಕೆಲಸವೇ.

ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ಯಾಮ್ ಸೀಲ್, ಕ್ರ್ಯಾಂಕ್ ಸೀಲ್ ಐದೂ ಒಟ್ಟಿಗೆ ತನ್ನಿ. ಪಂಪ್ ತಿರುಗುವುದು ಇದೇ ಬೆಲ್ಟಿನಲ್ಲಿ. ಪಂಪ್ ಹಾಗೇ ಬಿಟ್ಟು ಆರು ತಿಂಗಳ ನಂತರ ಅದು ಸೋರಿದರೆ ಇದೇ ಕೆಲಸ ಮೊದಲಿನಿಂದ. ಪಂಪ್ ಕೂರುವ ಜಾಗದ ಹಳೆಯ ರಬ್ಬರು, ಉಪ್ಪು ಕೆರೆದು ಒರೆಸಿ. ಅದರ ಬೋಲ್ಟುಗಳು ಸಣ್ಣವು, 12 ನ್ಯೂಟನ್ ಮೀಟರ್ ಸಾಕು. ಕೈಬಲದಲ್ಲಿ ಬಿಗಿದರೆ ಅಲ್ಯುಮಿನಿಯಂ ಎಳೆ ಕಿತ್ತು ಬರ್ತದೆ.

ಬೆಲ್ಟ್ ಬದಿ ಇರುವುದು ಎಡಕ್ಕೆ. ಎಡ ಮುಂದಿನ ಚಕ್ರ ತೆಗೆದು, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಆಯಿಲ್ ಸಂಪ್ ಕೆಳಗೆ ದಪ್ಪ ಮರದ ಹಲಗೆ ಇಟ್ಟು ಜಾಕಿನಲ್ಲಿ ಎಂಜಿನ್ನಿನ ಭಾರ ಹಿಡಿದ ಮೇಲೆಯೇ ಆ ಬದಿಯ ಮೌಂಟ್ ಬಿಚ್ಚಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟು ಬಿಡಿಸುವುದೇ ಈ ಕೆಲಸದ ಅತಿ ಕಷ್ಟದ ಭಾಗ. ಪುಲ್ಲಿಯ ನಡುವೆ ಆರು ಮೂಲೆಯ ಗುಳಿ ಇದ್ದರೆ ಅದಕ್ಕೆ 50 ಮಿ.ಮೀ ಹೋಲ್ಡರ್ ಸಿಗ್ತದೆ. ಹೋಲ್ಡರ್ ಹಿಡಿದು, ಉದ್ದದ ಬಾರಿನಲ್ಲಿ ಬಿಡಿಸಿ. ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ಸೆಲ್ಫ್ ಹೊಡೆಯುವ ಉಪಾಯವನ್ನು ಕೆಲವರು ಹೇಳಿಕೊಡ್ತಾರೆ, ಅದನ್ನು ಈ ಎಂಜಿನ್ನಿನಲ್ಲಿ ಮಾಡಲೇಬಾರದು. ಹಳೆಯ ಹೋಂಡಾ ಎಂಜಿನ್ ತಿರುಗುವುದು ಅಪ್ರದಕ್ಷಿಣವಾಗಿ. ಸೆಲ್ಫ್ ಹೊಡೆದರೆ ಬೋಲ್ಟ್ ಇನ್ನೂ ಬಿಗಿಯಾಗ್ತದೆ, ಸ್ಪ್ಯಾನರ್ ಹಾರಿ ಕೈ ಮುರಿಯುತ್ತದೆ.

ಕೈಯಲ್ಲಿ ತಿರುಗಿಸುವಾಗಲೂ ಪುಲ್ಲಿಯ ಬದಿಯಿಂದ ನೋಡಿ ಅಪ್ರದಕ್ಷಿಣ ಮಾತ್ರ. ಕ್ಯಾಮ್ ಪುಲ್ಲಿಯ 'ಅಪ್' ಗುರುತು ನೆತ್ತಿಗೆ ಬರಬೇಕು, ಎರಡು ಬದಿಯ ಗೆರೆಗಳು ಹೆಡ್ಡಿನ ಮೇಲ್ಮೈಗೆ ಸಮನಾಗಬೇಕು. ಕ್ರ್ಯಾಂಕ್ ಪುಲ್ಲಿಯಲ್ಲಿ ಬಿಳಿ ಗುರುತು ಟಿಡಿಸಿ. ಮೂರು ಗೆರೆಗಳ ಗುಂಪು, ನಡುವಿನದ್ದು ಕೆಂಪು, ಅದು ಇಗ್ನಿಷನ್ ಟೈಮಿಂಗಿಗೆ. ಆ ಕೆಂಪನ್ನು ಟಿಡಿಸಿ ಅಂದುಕೊಂಡು ಬೆಲ್ಟ್ ಹಾಕಿದ ಗಾಡಿಗಳು ಬೇಕಾದಷ್ಟು ಸಿಗ್ತವೆ. ನಿಮ್ಮ ಗಾಡಿಯಲ್ಲಿ ಮೊದಲು ಯಾರಾದರೂ ಹಾಗೆ ಒಂದು ಹಲ್ಲು ತಪ್ಪಿಸಿದ್ದರೆ ಎಳೆತ ಇಲ್ಲದಿರುವುದಕ್ಕೆ ಅದೂ ಕಾರಣ ಆಗಬಹುದು. ಹಳೆಯ ಬೆಲ್ಟ್ ತೆಗೆಯುವ ಮೊದಲೇ ಗುರುತು ಎಲ್ಲಿ ನಿಂತಿದೆ ಅಂತ ಫೋಟೊ ತೆಗೆದಿಡಿ. ಪುಲ್ಲಿ ತೆಗೆದ ಮೇಲೆ ಒಳಗಿನ ಹಲ್ಲುಚಕ್ರದ ಗುರುತು ಮತ್ತು ಆಯಿಲ್ ಪಂಪಿನ ಮೇಲಿನ ಬಾಣವನ್ನು ನಂಬಿ, ಹೊರಗಿನ ಪುಲ್ಲಿಯನ್ನಲ್ಲ.

ಟೆನ್ಷನ್: ಬೆಲ್ಟ್ ಹಾಕಿ, ಟೆನ್ಷನರ್ ಬೋಲ್ಟನ್ನು ಅರ್ಧ ಸುತ್ತು ಸಡಿಲ ಮಾಡಿ ಸ್ಪ್ರಿಂಗಿಗೆ ಎಳೆಯಲು ಬಿಡಿ, ಬಿಗಿಯಿರಿ. ಕ್ರ್ಯಾಂಕನ್ನು ಐದಾರು ಸುತ್ತು ತಿರುಗಿಸಿ ಬೆಲ್ಟ್ ಕೂರಿಸಿ, ಪುನಃ ಟಿಡಿಸಿಗೆ ತನ್ನಿ. ಈಗ ಬೋಲ್ಟ್ ಮತ್ತೆ ಅರ್ಧ ಸುತ್ತು ಸಡಿಲಿಸಿ, ಕ್ಯಾಮ್ ಪುಲ್ಲಿಯಲ್ಲಿ ಮೂರು ಹಲ್ಲು ದಾಟುವಷ್ಟು ಅಪ್ರದಕ್ಷಿಣ ತಿರುಗಿಸಿ, ಅಲ್ಲೇ 44 ನ್ಯೂಟನ್ ಮೀಟರಿಗೆ ಬಿಗಿಯಿರಿ. ಆ ಮೂರು ಹಲ್ಲು ತಿರುಗಿಸುವುದೇ ಸಡಿಲ ಭಾಗವನ್ನು ಟೆನ್ಷನರ್ ಬದಿಗೆ ತರುವುದು. ಅದನ್ನು ಬಿಟ್ಟರೆ ಬೆಲ್ಟ್ ಒಂದೋ ಕುಣಿಯುತ್ತದೆ, ಇಲ್ಲದಿದ್ದರೆ ಬಿಗಿಯಾಗಿ ಶಿಳ್ಳೆ ಹೊಡೆಯುತ್ತದೆ. ಕ್ರ್ಯಾಂಕ್ ಬೋಲ್ಟ್ 181 ನ್ಯೂಟನ್ ಮೀಟರ್. ಎಳೆಗೆ ಒಂದು ಹನಿ ಎಂಜಿನ್ ಆಯಿಲ್, ವಾಷರ್ ಮುಖ ಒಣಗಿರಬೇಕು.

ಕೂಲೆಂಟ್ ಹಾಕುವಾಗ ದಯವಿಟ್ಟು ಬಾವಿ ನೀರು, ಬೋರ್ ನೀರು ಬೇಡ. ನಮ್ಮ ಮುರಕಲ್ಲಿನ ಊರಿನ ಬೋರ್ ನೀರಲ್ಲಿ ಕಬ್ಬಿಣ ಹೆಚ್ಚು, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಂದು ಕೆಸರಾಗಿ ಕೂರ್ತದೆ. ಬ್ಯಾಟರಿ ನೀರಿಗೆ ಅರ್ಧಕ್ಕರ್ಧ ಕೂಲೆಂಟ್ ಸೇರಿಸಿ. ಹೀಟರ್ ನಾಬ್ ಪೂರ್ತಿ ಬಿಸಿಗೆ ತಿರುಗಿಸಿ, ಮೇಲಿನ ಹೋಸ್ ಹತ್ತಿರ ಗಾಳಿ ಬಿಡುವ ಬೋಲ್ಟ್ ಇದ್ದರೆ ಗುಳ್ಳೆ ನಿಲ್ಲುವ ತನಕ ತೆರೆದಿಡಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಕಾಯಿರಿ. ಫ್ಯಾನ್ ಸುಮಾರು 93 ಡಿಗ್ರಿಗೆ ತಿರುಗಬೇಕು. ಕಡಲ ಬದಿಯ ಗಾಡಿಯಲ್ಲಿ ಆ ಫ್ಯಾನ್ ಸ್ವಿಚ್ಚಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿರ್ತದೆ, ಅದನ್ನೂ ಉಜ್ಜಿ.

ಉಪ್ಪಳ_6800

ವಿಟೆಕ್ ಬಗ್ಗೆ. ಒಂದು ತಪ್ಪು ತಿಳುವಳಿಕೆ ಮೊದಲು ಹೋಗಲಿ: ನಿಂತ ಗಾಡಿಯಲ್ಲಿ ನ್ಯೂಟ್ರಲಿನಲ್ಲಿ ಎಕ್ಸಲರೇಟರ್ ಒತ್ತಿ ವಿಟೆಕ್ ಪರೀಕ್ಷಿಸಲು ಆಗುವುದಿಲ್ಲ. ಎಂಜಿನ್ ಬಿಸಿ, ಗಾಡಿಯ ವೇಗ, ಲೋಡ್, ಆರ್‌ಪಿಎಂ ಎಲ್ಲ ಕೂಡಿ ಬಂದರೆ ಮಾತ್ರ ಇಸಿಯು ಸೊಲೆನಾಯ್ಡಿಗೆ (ಆಯಿಲಿನ ದಾರಿ ತೆರೆಯುವ ಕರೆಂಟಿನ ವಾಲ್ವ್) ಕರೆಂಟ್ ಕೊಡ್ತದೆ. ಆಗ ಆಯಿಲಿನ ಒತ್ತಡ ರಾಕರುಗಳ (ವಾಲ್ವ್ ಒತ್ತುವ ತೋಳುಗಳು) ಒಳಗಿನ ಪಿನ್ ತಳ್ಳಿ ಮೂರು ಇಂಟೇಕ್ ರಾಕರನ್ನು ಒಂದಾಗಿ ಕಟ್ತದೆ. ನಡುವಿನ ದೊಡ್ಡ ಕ್ಯಾಮ್ ಕೆಲಸ ಶುರು ಮಾಡುವುದು ಆವಾಗ. ಅಂದರೆ ಇದು ಪೂರ್ತಿ ಆಯಿಲಿನ ಆಟ. ಈ ಗಾಡಿಯ 106 ಪಿಎಸ್ ಬರುವುದೇ 6800ರಲ್ಲಿ. ವಿಟೆಕ್ ಕಟ್ಟಿಕೊಳ್ಳದಿದ್ದರೆ ಇದು ಒಂದು ಸಾಧಾರಣ ಎಂಜಿನ್.

ಆದ್ದರಿಂದ ಮೊದಲು ಡಿಪ್‌ಸ್ಟಿಕ್. ಡೆಲ್ಕೋ ಹತ್ತಿರ ಒಸರುವ ಗಾಡಿಯಲ್ಲಿ ಅರ್ಧ ಲೀಟರ್ ಕಡಿಮೆ ಇರುವುದು ವಿಶೇಷ ಅಲ್ಲ. ಅಷ್ಟು ಕಡಿಮೆಯಾದರೆ ಎತ್ತರದ ಆರ್‌ಪಿಎಂನಲ್ಲಿ, ತಿರುವಿನಲ್ಲಿ ಒತ್ತಡ ಬಿದ್ದು ಇಸಿಯು ವಿಟೆಕ್ ಬಿಟ್ಟುಬಿಡ್ತದೆ.

ನಂತರ ಕೋಡ್ ಓದಿ. ಸ್ಕ್ಯಾನರ್ ಬೇಡ. ಡ್ಯಾಶ್ ಅಡಿಯಲ್ಲಿ ಎಲ್ಲಿಗೂ ಜೋಡಿಸದೆ ಬಿಟ್ಟಿರುವ ಎರಡು ಪಿನ್ನಿನ ಸರ್ವಿಸ್ ಕನೆಕ್ಟರ್ ಉಂಟು. ಒಂದು ವೈರ್ ತುಂಡಿನಿಂದ ಎರಡನ್ನೂ ಸೇರಿಸಿ ಕೀಲಿ ಆನ್ ಮಾಡಿದರೆ ಚೆಕ್ ಲೈಟ್ ಮಿಣುಕುತ್ತದೆ. ಉದ್ದ ಮಿಣುಕು ಹತ್ತು, ಗಿಡ್ಡ ಮಿಣುಕು ಒಂದು. ಎರಡು ಉದ್ದ ಒಂದು ಗಿಡ್ಡ ಅಂದರೆ 21, ಸೊಲೆನಾಯ್ಡಿನ ವೈರಿಂಗ್. 22 ಅಂದರೆ ವಿಟೆಕ್ ಪ್ರೆಶರ್ ಸ್ವಿಚ್, ಅಂದರೆ ಒತ್ತಡ ಬರಲಿಲ್ಲ. 4, 8, 9 ಬಂದರೆ ಡೆಲ್ಕೋ ಒಳಗಿನ ಸೆನ್ಸರುಗಳು, ಪೆರ್ಲದವರ ಮಾತಿಗೆ ವಾಪಸ್ ಹೋಗಿ. ಓದಿದ ಮೇಲೆ ವೈರ್ ತೆಗೆಯಲು ಮರೆಯಬೇಡಿ.

21 ಬಂದರೆ ಸೊಲೆನಾಯ್ಡಿನ ಪಿನ್ನಿಗೂ ಬಾಡಿಗೂ ನಡುವೆ ಅಳೆಯಿರಿ, 14ರಿಂದ 30 ಓಮ್ ಬರಬೇಕು. 22 ಬಂದರೆ ಸೊಲೆನಾಯ್ಡ್ ಡಬ್ಬಿಯನ್ನು ಹೆಡ್ಡಿನಿಂದ ಬಿಚ್ಚಿ. ಅದರ ಹಿಂದೆ ಗ್ಯಾಸ್ಕೆಟ್ಟಿಗೆ ಸೇರಿಯೇ ಒಂದು ಸಣ್ಣ ಬಲೆ ಉಂಟು. ಆಯಿಲ್ ಬದಲಾವಣೆ ತಡವಾದ ಗಾಡಿಯಲ್ಲಿ ಅದು ಕಪ್ಪು ಕೆಸರಿನಿಂದ ಮುಚ್ಚಿರ್ತದೆ. ತೊಳೆದು ಹಾಕುವುದಕ್ಕಿಂತ ಹೊಸದು ಹಾಕಿ, ಹಳೆಯ ರಬ್ಬರ್ ಗಟ್ಟಿಯಾಗಿರ್ತದೆ, ಸೋರ್ತದೆ. ಅಲ್ಲಿ ಸಿಲಿಕಾನ್ ಪೇಸ್ಟ್ ಹಚ್ಚಲೇಬೇಡಿ, ಒಂದು ಎಳೆ ಒಳಗೆ ಹೋದರೆ ಆಯಿಲಿನ ದಾರಿಯೇ ಬಂದ್.

ವಾಲ್ವ್ ಕವರ್ ತೆಗೆದಾಗ ಇನ್ನೊಂದು ಪರೀಕ್ಷೆ: ಪ್ರತಿ ಸಿಲಿಂಡರನ್ನು ಟಿಡಿಸಿಗೆ ತಂದು ನಡುವಿನ ರಾಕರನ್ನು ಬೆರಳಲ್ಲಿ ಒತ್ತಿ. ಅದು ಅಕ್ಕಪಕ್ಕದವುಗಳನ್ನು ಬಿಟ್ಟು ತಾನೊಂದೇ ಅಲ್ಲಾಡಬೇಕು. ಅಂಟಿಕೊಂಡಿದ್ದರೆ ಪಿನ್ ಸಿಕ್ಕಿಬಿದ್ದಿದೆ.

ವಿಟೆಕ್ ಸರಿ ಇದ್ದೂ ಎಳೆತ ಇಲ್ಲದಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಡಬ್ಬಿ, ಕ್ಯಾಟ್) ಕಟ್ಟಿರಬಹುದು. ಇಂಟೇಕ್ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಜೋಡಿಸಿ 2500ರಲ್ಲಿ ಹಿಡಿಯಿರಿ. ಮುಳ್ಳು ನಿಲ್ಲದೆ ನಿಧಾನ ಇಳಿಯುತ್ತಾ ಹೋದರೆ ಹೊಗೆ ಹೊರಗೆ ಹೋಗ್ತಾ ಇಲ್ಲ ಅಂತ ಅರ್ಥ.

ಕುರುಡಪದವು_ಕೆ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಪೆಟ್ರೋಲಿನ ಒಂದು ಮಾತು ಸೇರಿಸುತ್ತೇನೆ. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್ ಸೇರಿದ ಪೆಟ್ರೋಲ್. 2001ರ ಗಾಡಿಯ ರಬ್ಬರು ಇದಕ್ಕೆ ಮಾಡಿದ್ದಲ್ಲ. ಟ್ಯಾಂಕಿನಿಂದ ಫಿಲ್ಟರ್, ಫಿಲ್ಟರಿನಿಂದ ರೈಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಹೋಗುವ ಹೋಸುಗಳನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ಅಥವಾ ಮೇಣದ ಹಾಗೆ ಮೆತ್ತಗಾಗಿದ್ದರೆ ಬದಲಿಸಿ. ಮೇಲೆ ಜೆ30 ಆರ್9 ಅಂತ ಮುದ್ರೆ ಇರುವ ಇಂಜೆಕ್ಷನ್ ಹೋಸೇ ಬೇಕು. ಬೈಕಿಗೆ ಹಾಕುವ ಸಾದಾ ಪೈಪ್ ಸುಮಾರು 3 ಬಾರ್ ಒತ್ತಡಕ್ಕೆ ಒಡೆದುಹೋಗ್ತದೆ, ಅದೂ ಬಿಸಿ ಎಕ್ಸಾಸ್ಟಿನ ಮೇಲೆ. ಹೋಸ್ ಬಿಚ್ಚುವ ಮೊದಲು ಪಂಪಿನ ಕರೆಂಟ್ ತೆಗೆದು ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ, ಒತ್ತಡ ಇಳಿಯಲಿ.

ಜಾಲ್ಸೂರು_ತಿರುವು

ಮಾಡಿಫಿಕೇಶನ್ ಬಗ್ಗೆ ಯಾರೂ ಮುಟ್ಟಲಿಲ್ಲ, ನಾನು ಬರೆಯುತ್ತೇನೆ.

ಕೋಲ್ಡ್ ಏರ್ ಇಂಟೇಕ್ ಬೇಡ ಅಂತ ನೇರವಾಗಿ ಹೇಳ್ತೇನೆ. ಅದರ ಫಿಲ್ಟರ್ ಕೂರುವುದು ಬಂಪರಿನ ಒಳಗೆ, ನೆಲದಿಂದ ಮೊಣಕಾಲಿನಷ್ಟೂ ಎತ್ತರ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಸರ್ವಿಸ್ ರಸ್ತೆಯಲ್ಲಿ, ಅಂಡರ್‌ಪಾಸಿನಲ್ಲಿ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು. ಒಂದು ಲೋಟ ನೀರು ಸಿಲಿಂಡರಿಗೆ ಹೋದರೆ ಸಾಕು, ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗ್ತದೆ. ಕಂಪನಿಯ ಏರ್‌ಬಾಕ್ಸ್ ತಣ್ಣಗಿನ ಗಾಳಿಯನ್ನೇ ಎಳೆಯುತ್ತದೆ. ಅದಕ್ಕೆ ಹೊಸ ಪೇಪರ್ ಫಿಲ್ಟರ್ ಹಾಕಿ, ಪೈಪುಗಳ ಬಿರುಕು ನೋಡಿ, ಕ್ಲಿಪ್ ಬಿಗಿಯಿರಿ. ಬಾನೆಟ್ ಒಳಗೆ ತೆರೆದಿಡುವ ಕೋನ್ ಫಿಲ್ಟರ್ ಸದ್ದು ಕೊಡ್ತದೆ, ಆದರೆ ರೇಡಿಯೇಟರಿನ ಬಿಸಿ ಗಾಳಿ ಎಳೆದು ಪವರ್ ಕಡಿಮೆ ಮಾಡ್ತದೆ.

ಸೈಲೆನ್ಸರ್: 1.5 ಲೀಟರಿನ ಎಂಜಿನ್ನಿಗೆ 2 ಇಂಚಿನ ಪೈಪ್ ಬೇಕಾದಷ್ಟಾಯಿತು. ಎರಡೂವರೆ ಇಂಚು ಹಾಕಿದರೆ ಹೊಗೆಯ ವೇಗ ಬಿದ್ದು 3000ದ ಕೆಳಗೆ ಎಳೆತ ಹೋಗ್ತದೆ. ನಮ್ಮ ಏರು ರಸ್ತೆಗಳಲ್ಲಿ ಬೇಕಾದದ್ದು ಅಲ್ಲೇ. ಪೈಪನ್ನು ಮ್ಯಾಂಡ್ರೆಲ್ ಬೆಂಡಿಂಗಿನಲ್ಲಿ ಬಗ್ಗಿಸಿರಬೇಕು. ಮರಳು ತುಂಬಿಸದೆ, ಮಡಚಿದ ಹಾಗೆ ಬಗ್ಗಿಸಿದ ಪೈಪ್ ತಿರುವಿನಲ್ಲಿ ಚಪ್ಪಟೆಯಾಗಿ ಕಂಪನಿಯದ್ದಕ್ಕಿಂತ ಕಿರಿದಾಗ್ತದೆ. ಕ್ಯಾಟ್ ತೆಗೆಯಬೇಡಿ, ಹೊಗೆ ಟೆಸ್ಟಿನಲ್ಲಿ ಸಿಕ್ಕಿಬೀಳ್ತೀರಿ.

ಕಾನೂನು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಇನ್ನೂ ಸ್ಪಷ್ಟ ಮಾಡಿದೆ, ಆ ಪ್ರಕರಣ ಹೋದದ್ದೂ ಕೇರಳದಿಂದಲೇ. 15 ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೆ ನವೀಕರಿಸಲು ಆರ್‌ಟಿಓ ಎದುರು ನಿಲ್ಲಿಸಬೇಕು. ನಿಮ್ಮದು 2001ರದ್ದು, ಲೆಕ್ಕ ಹಾಕಿ. ಆದ್ದರಿಂದ ಕಂಪನಿಯ ಸೈಲೆನ್ಸರನ್ನು ಗುಜರಿಗೆ ಕೊಡಬೇಡಿ.

ಹಣ ಹಾಕಬೇಕಾದದ್ದು ಬ್ರೇಕಿಗೆ. ಸಂಪಾಜೆ ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗುವುದಕ್ಕೆ ಮುಕ್ಕಾಲು ಪಾಲು ಕಾರಣ ಹಳೆಯ ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಂತೂ ಬೇಗ. ಡಾಟ್ 4 ಹೊಸದರಲ್ಲಿ ಕನಿಷ್ಠ 230 ಡಿಗ್ರಿಗೆ ಕುದಿಯುವುದು, ತೇವ ಹೀರಿದ ಮೇಲೆ 155ಕ್ಕೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ, ಕಾಲಡಿಯಲ್ಲಿ ಏನೂ ಇಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಒಂದು ಲೀಟರ್ ತನ್ನಿ, ಮುಚ್ಚಳ ತೆರೆದ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಇಡಬೇಡಿ. ಕ್ಯಾಲಿಪರಿನ ಸ್ಲೈಡ್ ಪಿನ್ನುಗಳನ್ನು ಬಿಚ್ಚಿ, ಒರೆಸಿ, ಸಿಲಿಕಾನ್ ಬ್ರೇಕ್ ಗ್ರೀಸ್ ಹಚ್ಚಿ. ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಸಿಕ್ಕಿಬೀಳ್ತದೆ, ಒಳಗಿನ ಪ್ಯಾಡ್ ಮಾತ್ರ ಸವೆಯುತ್ತದೆ.

15 ಇಂಚಿನ ಚಕ್ರಕ್ಕೆ: ಬೋಲ್ಟ್ ಅಳತೆ 4x100, ನಡುವಿನ ತೂತು 56.1 ಮಿ.ಮೀ. ತೂತು ದೊಡ್ಡದಿದ್ದರೆ ಹಬ್ ರಿಂಗ್ ಹಾಕಿ, ಇಲ್ಲದಿದ್ದರೆ 90 ಕಿ.ಮೀ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. 195/50 ಆರ್15 ಟೈರಿನ ಒಟ್ಟು ವ್ಯಾಸ 576 ಮಿ.ಮೀ. ಅದು 175/70 ಆರ್13ಕ್ಕೆ ಹೆಚ್ಚುಕಡಿಮೆ ಸಮ, 175/65 ಆರ್14ಕ್ಕಿಂತ ಸುಮಾರು 7 ಮಿ.ಮೀ ಕಡಿಮೆ. 195/60 ಹಾಕಿದರೆ 615 ಆಗ್ತದೆ, ಒಳಗೆ ಉಜ್ಜುತ್ತದೆ, ಮೀಟರೂ ತಪ್ಪು ತೋರಿಸ್ತದೆ. ಮತ್ತೊಂದು, ಹೋಂಡಾದ ಸ್ವಂತ ಚಕ್ರದ ನಟ್ಟಿನ ಬುಡ ಗುಂಡಗೆ, ಹೊರಗಿನ ಅಲಾಯ್‌ಗಳಿಗೆ ಬೇಕಾದದ್ದು ಶಂಕುವಿನ ಆಕಾರದ್ದು. ಹಳೆಯ ನಟ್ಟನ್ನೇ ಹಾಕಿದರೆ ತಾಗುವುದು ಒಂದು ಗೆರೆ ಮಾತ್ರ, ನೂರು ಕಿಲೋಮೀಟರಿನಲ್ಲಿ ಸಡಿಲ ಆಗ್ತದೆ. 108 ನ್ಯೂಟನ್ ಮೀಟರಿಗೆ ಬಿಗಿದು, 50 ಕಿ.ಮೀ ಓಡಿಸಿ ಪುನಃ ನೋಡಿ.

ಬಾಯಾರು_ಪಾನಾ

ಕಡಲ ಬದಿಯ ಗಾಡಿ ಅಂದದ್ದಕ್ಕೆ ಒಂದು ಮಾತು. ಚಕ್ರ ತೆಗೆದಾಗ ಹಿಂದಿನ ಆರ್ಚಿನ ಒಳಗೆ ಪೆಟ್ರೋಲ್ ತುಂಬುವ ಕೊಳವೆಯ ಕುತ್ತಿಗೆ ನೋಡಿ, ಅಲ್ಲಿ ಕೆಸರು ಕೂತು ತುಕ್ಕು ತೂತು ಮಾಡ್ತದೆ. ಬಾಗಿಲಿನ ಕೆಳಗಿನ ಸಿಲ್ಲಿನಲ್ಲಿ ನೀರು ಹೋಗುವ ತೂತುಗಳನ್ನು ತಂತಿಯಲ್ಲಿ ಬಿಡಿಸಿ. ಅಡಿಗೆ ಡಾಂಬರಿನಂಥ ಕೋಟಿಂಗ್ ಹೊಡೆಸುವಾಗ ಆ ತೂತುಗಳನ್ನು ಮುಚ್ಚಿಬಿಡ್ತಾರೆ, ಒಳಗಿನಿಂದಲೇ ಕೊಳೆಯುತ್ತದೆ. ತುಕ್ಕನ್ನು ಲೋಹ ಕಾಣುವ ತನಕ ಬ್ರಷ್ ಮಾಡಿ, ಉಳಿದದ್ದಕ್ಕೆ ಫಾಸ್ಫಾರಿಕ್ ಆಸಿಡಿನ ಕನ್ವರ್ಟರ್, ಅದು ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಜೋಡಣೆಗೆ ಸೀಮ್ ಸೀಲರ್, ಪೊಳ್ಳು ಜಾಗಕ್ಕೆ ಮೇಣ. ಡಿಸೆಂಬರಿನಿಂದ ಮಾರ್ಚ್ ಒಳಗೆ ಮಾಡಿ. ಮಳೆಗಾಲದ ತೇವದಲ್ಲಿ ಬಳಿದ ಪ್ರೈಮರ್ ಹಿಡಿಯುವುದಿಲ್ಲ.

ಶಿರಿಯಾಹೊಳೆ

ಎಲ್ಲರಿಗೂ ತುಂಬಾ ಉಪಕಾರ. ಇಷ್ಟು ಆಯಿತು:

ಬಿಸಿಲಲ್ಲಿ ಕೈಕೊಟ್ಟಾಗ ಚೆಕ್ ಲೈಟ್ ಉರಿದು ಆರಿತು, ಪಂಪಿನ ಸದ್ದು ಇಲ್ಲ. ರಿಲೇಯ ಎರಡು ಪಿನ್ನಿನಲ್ಲಿ ಉಂಗುರದ ಬಿರುಕು ಸ್ಪಷ್ಟ ಕಂಡಿತು, ಏಳನ್ನೂ ಹೊಸದಾಗಿ ಬೆಸುಗೆ ಹಾಕಿದೆ. ನಾಲ್ಕು ಮಧ್ಯಾಹ್ನ ತೊಂದರೆ ಇಲ್ಲ. ಕೋಡ್ 22 ಬಂತು, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕೆಳಗಿನ ಗುರುತಿನಲ್ಲಿತ್ತು, ಸೊಲೆನಾಯ್ಡಿನ ಬಲೆ ಅರ್ಧ ಮುಚ್ಚಿತ್ತು. ಡೆಲ್ಕೋ ಒಳಗೆ ಒಣ, ಹೊರಗಿನ ಓ-ರಿಂಗ್ ಮಾತ್ರ. ಬೆಲ್ಟ್ ಕಿಟ್ ತರಿಸಿದ್ದೇನೆ, ಇನ್ನೂ ಬಿಚ್ಚಿಲ್ಲ.

ಪ್ಲಗ್ ತೆಗೆದ ಹಾಗೆಯೇ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿದೆ: 1ರಿಂದ 4ರ ತನಕ 182, 180, 148, 178 ಪಿಎಸ್ಐ. ಮೂರನೆಯದ್ದು ಕಡಿಮೆ. ಹೆಡ್ ಇಳಿಸಬೇಕಾ?

ಉಪ್ಪಳ_6800

ಗಾಬರಿ ಬೇಡ, ಈಗಲೇ ಹೆಡ್ ಮುಟ್ಟಬೇಡಿ. ಈ ಕುಟುಂಬದ ಎಂಜಿನ್ನಿಗೆ ಕನಿಷ್ಠ 135, ಸಿಲಿಂಡರುಗಳ ನಡುವಿನ ವ್ಯತ್ಯಾಸ 28ರ ಒಳಗೆ. ನಿಮ್ಮದು ಕನಿಷ್ಠದ ಮೇಲೆ ಉಂಟು, ವ್ಯತ್ಯಾಸ 34 ಅಂದರೆ ಗೆರೆ ದಾಟಿದೆ. ಮೊದಲು ಅಳತೆಯೇ ಸರಿಯಾ ನೋಡಿ: ಎಂಜಿನ್ ಬಿಸಿ, ನಾಲ್ಕೂ ಪ್ಲಗ್ ಹೊರಗೆ, ಇಂಜೆಕ್ಟರ್ ಮತ್ತು ಡೆಲ್ಕೋ ಕನೆಕ್ಟರ್ ಬಿಚ್ಚಿರಬೇಕು, ಎಕ್ಸಲರೇಟರ್ ಪೂರ್ತಿ ಒತ್ತಿ ಮುಳ್ಳು ನಿಲ್ಲುವ ತನಕ ತಿರುಗಿಸಬೇಕು. ನಂತರ ಮೂರನೆಯದಕ್ಕೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಪುನಃ ಅಳೆಯಿರಿ. ಏರಿದರೆ ಸೋರುವುದು ಪಿಸ್ಟನ್ ರಿಂಗ್. ಏರದಿದ್ದರೆ ವಾಲ್ವ್.

ಶಿರಿಯಾಹೊಳೆ

ಎಲ್ಲ ಹಾಗೆಯೇ ಮಾಡಿದೆ. ಆಯಿಲ್ ಹಾಕಿದ ಮೇಲೆ 151. ಹೆಚ್ಚೇನೂ ಏರಲಿಲ್ಲ.

ಡೆಲ್ಕೋ_ಪೆರ್ಲ

ಹಾಗಾದರೆ ಟ್ಯಾಪೆಟ್ (ರಾಕರಿಗೂ ವಾಲ್ವಿಗೂ ನಡುವಿನ ಗ್ಯಾಪ್) ನೋಡಿ, ಮುಖ್ಯವಾಗಿ ಮೂರನೆಯದರ ಎಕ್ಸಾಸ್ಟ್. ವರ್ಷ ಕಳೆದ ಹಾಗೆ ವಾಲ್ವ್ ಸೀಟಿನಲ್ಲಿ ಹುದುಗಿ ಗ್ಯಾಪ್ ಕಡಿಮೆ ಆಗ್ತಾ ಹೋಗ್ತದೆ. ಸದ್ದು ಬರುವುದಿಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಗ್ಯಾಪ್ ಸೊನ್ನೆಯಾದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಸೋರ್ತದೆ, ಹಾಗೇ ಓಡಿಸಿದರೆ ಸುಟ್ಟುಹೋಗ್ತದೆ.

ಎಂಜಿನ್ 38 ಡಿಗ್ರಿಗಿಂತ ತಣ್ಣಗಿರಬೇಕು, ಅಂದರೆ ಈ ಸೆಕೆಯಲ್ಲಿ ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಮಾಡಿ. ಇಂಟೇಕ್ 0.18ರಿಂದ 0.22 ಮಿ.ಮೀ, ಎಕ್ಸಾಸ್ಟ್ 0.23ರಿಂದ 0.27. ಬಾನೆಟ್ ಅಡಿಯ ಸ್ಟಿಕ್ಕರಿನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಒಂದನೆಯದನ್ನು ಟಿಡಿಸಿಗೆ ತಂದು ಅದರ ನಾಲ್ಕು ವಾಲ್ವ್ ಮಾಡಿ. ನಂತರ ಕ್ರ್ಯಾಂಕನ್ನು ಅರ್ಧರ್ಧ ಸುತ್ತು ಅಪ್ರದಕ್ಷಿಣ ತಿರುಗಿಸುತ್ತಾ 3, 4, 2 ಈ ಕ್ರಮದಲ್ಲಿ. ಬದಲಿಸುವ ಮೊದಲು ಪ್ರತಿಯೊಂದರ ಹಳೆಯ ಅಳತೆ ಬರೆದಿಡಿ. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿ ಗ್ಯಾಪ್ ಕಡಿಮೆ ಆಗ್ತದೆ, ಆದ್ದರಿಂದ ಬಿಗಿದ ಮೇಲೆ ಪುನಃ ಫೀಲರ್ ಹಾಕಿ ನೋಡಿ, ಸ್ವಲ್ಪ ಹಿಡಿತದಲ್ಲಿ ಜಾರಬೇಕು. ಕವರ್ ಮುಚ್ಚುವಾಗ ಗ್ಯಾಸ್ಕೆಟ್ ಮತ್ತು ಪ್ಲಗ್ ಗುಂಡಿಯ ನಾಲ್ಕು ಸೀಲ್ ಹೊಸದು. ಸೀಲೆಂಟ್ ಮೂಲೆಗಳಲ್ಲಿ ಮಾತ್ರ.

ಬೆಲ್ಟ್ ಕೆಲಸಕ್ಕೆ ಆ ಕವರ್ ಹೇಗೂ ತೆಗೆಯಬೇಕು. ಆದರೆ ಹಳೆಯ ಬೆಲ್ಟಿನ ಗುರುತು ಸರಿ ಇದೆಯಾ ಅಂತ ನೋಡಿದ ಮೇಲೆಯೇ ಟ್ಯಾಪೆಟ್ ಮಾಡಿ. ಎರಡೂ ಮುಗಿದು 200 ಕಿ.ಮೀ ಓಡಿಸಿ ಮೂರನೆಯದನ್ನು ಪುನಃ ಅಳೆಯಿರಿ. ಆಗಲೂ 150ರ ಸುತ್ತ ಇದ್ದರೆ ಲೀಕ್ ಡೌನ್ ಗೇಜಿನಲ್ಲಿ ಆ ಸಿಲಿಂಡರಿಗೆ ಗಾಳಿ ಕೊಟ್ಟು ಸೈಲೆನ್ಸರಿನ ಬಾಯಿಗೆ ಕಿವಿ ಇಡಿ. ಅಲ್ಲಿ ಸುಯ್ ಅಂದರೆ ಮಾತ್ರ ಹೆಡ್ ಇಳಿಸುವ ಮಾತು. ಅಳತೆ ಬಂದ ಮೇಲೆ ಇಲ್ಲೇ ಹಾಕಿ, ಮೂರನೆಯದರ ಎಕ್ಸಾಸ್ಟಿನ ಹಳೆಯ ಗ್ಯಾಪ್ ಎಷ್ಟಿತ್ತು ಅಂತಲೂ ಬರೆಯಿರಿ.